ರೈಲು ಹತ್ತದ ಸಂಶೋಧನೆ

ಮುಂಬಯಿಯಲ್ಲಿ ಕನ್ನಡದ ಕೆಲಸ ಅಂತ ಏನನ್ನಾದರೂ ಹಚ್ಚಿಕೊಂಡವರ ಫೋನ್ ನಂಬರು ಊರಿನ ಯಾವುದಾದರೊಂದು ವಿಶ್ವವಿದ್ಯಾಲಯದ ವಿಭಾಗಕ್ಕೆ ಸಿಕ್ಕಿತೆಂದರೆ, ಅದು ಅಲ್ಲಿಂದ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ನನ್ನ ನಂಬರಿಗೂ ಹಾಗೇ ಆಗಿದೆ. ವರ್ಷಕ್ಕೆ ನಾಲ್ಕೈದು ಕರೆಗಳಾದರೂ ಬರುತ್ತವೆ. "ಸಾರ್, ಹೊರನಾಡ ಕನ್ನಡಿಗರ ಮೇಲೆ ಪಿಎಚ್.ಡಿ. ಮಾಡ್ತಾ ಇದ್ದೀನಿ. ಒಂದರ್ಧ ಗಂಟೆ ಸಾಕು ಸಾರ್, ಲಿಂಕ್ ಕಳಿಸ್ತೀನಿ." ಹುಡುಗ ಹುಡುಗಿಯರು ವಿನಯವಂತರು, ಪ್ರಶ್ನೆಗಳನ್ನು ಅಚ್ಚುಕಟ್ಟಾಗಿ ಬರೆದುಕೊಂಡಿರುತ್ತಾರೆ. ಎಲ್ಲ ಮುಗಿದ ಮೇಲೆ ಕಡೆಯ ಪ್ರಶ್ನೆ ಒಂದು ಬರುತ್ತದೆ: "ನಿಮ್ಮ ಹಾಗೇ ಇರೋ ಇನ್ನೊಂದು ಹತ್ತು ಜನರ ನಂಬರ್ ಕೊಡ್ತೀರಾ ಸಾರ್?"

ನನ್ನ ತಕರಾರೆಲ್ಲ ಇರುವುದು ಈ 'ನಿಮ್ಮ ಹಾಗೇ ಇರೋ' ಎಂಬ ಮಾತಿನ ಮೇಲೆ. ನನ್ನ ಹಾಗೆ ಇರುವವರೆಂದರೆ ಯಾರು? ಬಾಗಿಲು ಹಾಕಿಕೊಂಡು ಕೂರಲು ಒಂದು ಕೋಣೆ ಇರುವವರು. ಹಗಲು ಹೊತ್ತಿನಲ್ಲಿ ಅರ್ಧ ಗಂಟೆ ಬಿಡುವಿರುವವರು. ಲಿಂಕ್ ಒತ್ತುವುದು, ಮೈಕು ತೆರೆಯುವುದು ಗೊತ್ತಿರುವವರು. ಯಾವುದಾದರೂ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಒಮ್ಮೆಯಾದರೂ ಕುರ್ಚಿ ಹಿಡಿದು ಕೂತವರು. ಇಂಥ ಇಪ್ಪತ್ತು ಮೂವತ್ತು ಮಂದಿಯ ಮಾತನ್ನು ಮನೆಯಿಂದಲೇ ಕೇಳಿ, ಅದಕ್ಕೆ 'ಮುಂಬಯಿ ಕನ್ನಡಿಗರ ಬದುಕು: ಒಂದು ಗುಣಾತ್ಮಕ ಅಧ್ಯಯನ' ಎಂದು ಹೆಸರಿಟ್ಟು, ಗಟ್ಟಿ ರಟ್ಟು ಹಾಕಿಸಿ ಊರಿನಲ್ಲಿ ಡಾಕ್ಟರೇಟ್ ಕೊಡಲಾಗುತ್ತಿದೆ. ಇದು ಕನ್ನಡಕ್ಕೆ ಆಗುತ್ತಿರುವ ಮೋಸ ಎಂದು ನಾನು ಹೇಳುತ್ತೇನೆ. ಯಂತ್ರದ ಮೇಲಿನ ಸಿಟ್ಟಿನಿಂದ ಹೇಳುತ್ತಿಲ್ಲ. ಯಾಕೆ ಹೇಳುತ್ತೇನೆ ಎಂಬುದನ್ನು ವಿವರಿಸುವುದಕ್ಕೇ ಈ ಲೇಖನ.

ಮೊದಲು ಗುಣಾತ್ಮಕ ಸಂಶೋಧನೆ ಎಂದರೇನು ಎಂಬುದನ್ನು ಸರಳವಾಗಿ ಹೇಳಿಬಿಡೋಣ. ಎಷ್ಟು ಜನ ಅಂತ ಎಣಿಸುವುದು ಒಂದು ಬಗೆ. ಅದನ್ನು ಜನಗಣತಿಯವರು ಮಾಡುತ್ತಾರೆ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು ಸುಮಾರು ಹತ್ತು ಲಕ್ಷ. ಅವರಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು, ಎಂದೂ ಊರು ಬಿಡದೆಯೇ ಗೆರೆಯ ಆಚೆ ಉಳಿದವರು, ಬಹಳ ಮಂದಿ. ಮುಂಬಯಿಯ ತುಳುವರು, ಕೊಂಕಣಿಗರು ಕನ್ನಡ ಶಾಲೆಯಲ್ಲಿ ಓದಿದ್ದರೂ, ಕನ್ನಡ ಪತ್ರಿಕೆ ತರಿಸುತ್ತಿದ್ದರೂ, ಆ ಲೆಕ್ಕದಲ್ಲಿ ಬೇರೆ ಕಾಲಮ್ಮಿಗೆ ಹೋಗುತ್ತಾರೆ. ಅಂಕಿ ಇಷ್ಟು ಹೇಳಿ ಸುಮ್ಮನಾಗುತ್ತದೆ. ಇವರು ಯಾಕೆ ಬಂದರು, ಬಂದವರು ಹೇಗೆ ಉಳಿದರು, ಮನೆಯಲ್ಲಿ ಯಾವ ಮಾತಾಡುತ್ತಾರೆ, ಏನನ್ನು ಮರೆತರು, ಏನನ್ನು ಮರೆಯಲಾರದೆ ಒದ್ದಾಡುತ್ತಾರೆ – ಇದನ್ನು ತಿಳಿಯಲು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಹತ್ತಿರ ಕೂತು ಕೇಳಬೇಕು. ಅದೇ ಗುಣಾತ್ಮಕ ಸಂದರ್ಶನ. ಇಲ್ಲಿ ಸಂಖ್ಯೆ ಮುಖ್ಯವಲ್ಲ ಎಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಹೌದು, ಮುಖ್ಯವಲ್ಲ. ಆದರೆ ಸಂಖ್ಯೆ ಕಡಿಮೆ ಇದ್ದಷ್ಟೂ 'ಯಾರು' ಎಂಬುದು ಹೆಚ್ಚು ಮುಖ್ಯವಾಗುತ್ತದೆ. ಸಾವಿರ ಜನರಲ್ಲಿ ಹತ್ತು ಜನ ತಪ್ಪಿಹೋದರೆ ನಡೆದೀತು. ಇಪ್ಪತ್ತು ಜನರನ್ನೇ ಆರಿಸುವಾಗ ಇಪ್ಪತ್ತೂ ಜನ ಒಂದೇ ಮಹಡಿಯವರಾದರೆ?

ಪರದೆಯ ಸಂದರ್ಶನ ಈ ಆಯ್ಕೆಯನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಹೇಗೆ ಅಂತ ನೋಡಿ. ಮುಂಬಯಿಯ ಒಂದು ಮಧ್ಯಮ ದರ್ಜೆಯ ಉಡುಪಿ ಹೊಟೇಲನ್ನೇ ತೆಗೆದುಕೊಳ್ಳಿ. ಗಲ್ಲೆಯ ಮೇಲೆ ಕೂತ ಮಾಲೀಕರು ಜೂಮ್‌ನಲ್ಲಿ ಸಿಗುತ್ತಾರೆ. ಅವರ ಮಗ ಇನ್ನೂ ಬೇಗ ಸಿಗುತ್ತಾನೆ. ಆದರೆ ಬೆಳಗ್ಗೆ ಐದಕ್ಕೆ ಎದ್ದು ಹಿಟ್ಟು ನೋಡುವ ಭಟ್ಟರು, ಮಧ್ಯಾಹ್ನ ಮೂರರಿಂದ ಐದರ ತನಕ ಮಾತ್ರ ಮೈಚಾಚುವ ಸಪ್ಲಾಯರ್, ರಾತ್ರಿ ಹನ್ನೊಂದೂವರೆಗೆ ಮೇಜು ಜೋಡಿಸಿಕೊಂಡು ಅದರ ಮೇಲೇ ಮಲಗುವ ಕ್ಲೀನರ್ ಹುಡುಗ – ಇವರು ಯಾವ ಲಿಂಕಿಗೆ ಬರುತ್ತಾರೆ? ಅವರ ಹತ್ತಿರ ಮೊಬೈಲು ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ಅದರಲ್ಲಿ ರೀಲ್ಸ್ ಕೂಡ ನೋಡುತ್ತಾರೆ. ಇಲ್ಲದ್ದು ಕೋಣೆ. ಎಂಟು ಜನ ಮಲಗುವ ಜಾಗದಲ್ಲಿ ಕೂತು "ನಿಮ್ಮ ಸಂಬಳ ಎಷ್ಟು, ಮಾಲೀಕರು ಹೇಗೆ ನೋಡಿಕೊಳ್ಳುತ್ತಾರೆ" ಎಂಬ ಪ್ರಶ್ನೆಗೆ ಗಟ್ಟಿಯಾಗಿ ಉತ್ತರ ಹೇಳುವ ಎದೆಗಾರಿಕೆ ಯಾರಿಗಿರುತ್ತದೆ? ಸಂಕೋಚದಿಂದ "ಚೆನ್ನಾಗಿದೆ ಸಾರ್" ಎಂದು ಬಿಡುತ್ತಾರೆ. ಆ "ಚೆನ್ನಾಗಿದೆ" ಪ್ರಬಂಧದಲ್ಲಿ ಒಂದು ಉಲ್ಲೇಖವಾಗಿ ಕೂರುತ್ತದೆ.

ಇವರನ್ನೂ ಬಿಡಿ. ಕಲಬುರ್ಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆ ಬಂದವರು ಮುಂಬಯಿ, ಪುಣೆಗಳಲ್ಲಿ ಬೆಳಗಾದರೆ ನಾಕಾದಲ್ಲಿ ನಿಂತಿರುತ್ತಾರೆ. ಗುತ್ತಿಗೆದಾರ ಬಂದು ಕರೆದರೆ ಆ ದಿನ ಕೂಲಿ, ಕರೆಯದಿದ್ದರೆ ಇಲ್ಲ. ಇವರೂ ಕನ್ನಡಿಗರೇ. ಇವರ ಕನ್ನಡ ನಮ್ಮ ಸಂಘಗಳ ವೇದಿಕೆಯ ಕನ್ನಡಕ್ಕಿಂತ ಗಟ್ಟಿಯಾಗಿದೆ. ಒಮ್ಮೆ ನಾನು ಒಂದು ನಾಕಾದ ಹತ್ತಿರ ನಿಂತು ಮಾತಾಡಿಸಲು ಹೋದಾಗ ಒಬ್ಬಾತ ಕೇಳಿದ್ದು: "ಕೆಲಸಕ್ಕ ಕರ್ಯಾಕ ಬಂದೀರೇನ್ರಿ ಸರ, ಇಲ್ಲಾಂದ್ರ ಆಧಾರ್ ಕಾರ್ಡ್ ನೋಡಾಕ ಬಂದೀರಿ?" ಅವರನ್ನು ಹುಡುಕಿಕೊಂಡು ಬರುವವರು ಈ ಎರಡೇ ಜಾತಿ. ಮೂರನೆಯವನಾಗಿ ಒಬ್ಬ ಸಂಶೋಧಕ ಬಂದದ್ದು ಅವರಿಗೆ ನೆನಪಿಲ್ಲ. ಅವರ ನಂಬರು ಯಾವ ಸಂಘದ ಡೈರಿಯಲ್ಲೂ ಇಲ್ಲ. ಹಾಗಾಗಿ ಯಾವ ಪ್ರಬಂಧದಲ್ಲೂ ಅವರಿಲ್ಲ. ಊರಿನ ಓದುಗರಾದ ನೀವು 'ಮುಂಬಯಿ ಕನ್ನಡಿಗ' ಎಂದ ಕೂಡಲೇ ಯಕ್ಷಗಾನ, ರಾಜ್ಯೋತ್ಸವ, ಹೊಟೇಲು ಕಟ್ಟಿ ಗೆದ್ದ ಸಾಹಸಿ ಇಷ್ಟನ್ನೇ ನೆನೆಯುತ್ತೀರಲ್ಲ, ಆ ಚಿತ್ರವನ್ನು ನಿಮಗೆ ಕೊಟ್ಟವರು ನಾವೇ, ಕೋಣೆ ಇರುವ ಕನ್ನಡಿಗರು.

ಹೆಂಗಸರ ವಿಷಯಕ್ಕೆ ಬಂದರೆ ಸ್ಥಿತಿ ಇನ್ನೂ ನಾಜೂಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ತಾವೇ ಬಳಸುವ ಸ್ವಂತ ಮೊಬೈಲು ಇದ್ದವರು ನೂರಕ್ಕೆ 54. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು ನೂರಕ್ಕೆ 33, ಗಂಡಸರಲ್ಲಿ 57. ಆಮೇಲೆ ಈ ಅಂಕಿಗಳು ಏರಿರಬಹುದು. ಆದರೆ ಮೊಬೈಲು ಇರುವುದು ಬೇರೆ, ಅದರಲ್ಲಿ ಒಬ್ಬಳೇ ಕೂತು ಮನಸ್ಸು ಬಿಚ್ಚುವುದು ಬೇರೆ. ಚಾಳಿನ ಒಂದೇ ಖೋಲಿಯ ಸಂಸಾರದಲ್ಲಿ ಅತ್ತೆ, ಮಗ, ಟಿವಿ ಎಲ್ಲವೂ ಕ್ಯಾಮೆರಾದ ಆಚೆ ಇರುತ್ತವೆ. ಪರದೆಯಲ್ಲಿ ಕಾಣುವುದು ಮುಖ ಒಂದೇ. ಪಕ್ಕದಲ್ಲಿ ಯಾರು ಕೂತು ಕಣ್ಣು ಬಿಡುತ್ತಿದ್ದಾರೆ ಎಂಬುದು ಸಂದರ್ಶಕನಿಗೆ ಕಾಣುವುದೇ ಇಲ್ಲ. ಎದುರು ಹೋಗಿ ಕೂತವನಿಗೆ ಕನಿಷ್ಠ ಅಷ್ಟಾದರೂ ತಿಳಿಯುತ್ತದೆ: ಈ ತಾಯಿ ಈಗ ಮಾತಾಡಲಾರಳು, ಇನ್ನೊಂದು ದಿನ ಬರೋಣ, ಅಂತ.

ಇನ್ನು ಭಾಷೆಯ ಮಾತು. ಹೊರನಾಡಿನಲ್ಲಿ ಕನ್ನಡ ಉಳಿದಿದೆಯೇ ಎಂಬುದು ಈ ಪ್ರಬಂಧಗಳ ಅಚ್ಚುಮೆಚ್ಚಿನ ಪ್ರಶ್ನೆ. ಈ ಪ್ರಶ್ನೆಯನ್ನು ಪರದೆಯ ಮೇಲೆ ಕೇಳುವುದು ಬಾವಿಯ ಆಳವನ್ನು ಫೋಟೋ ನೋಡಿ ಅಳೆದ ಹಾಗೆ. ಪರದೆಯ ಮುಂದೆ ಕೂತಾಗ ನಾವು ಕನ್ನಡವನ್ನೇ ಆಡುತ್ತೇವೆ, ಅದೂ ಇಸ್ತ್ರಿ ಮಾಡಿದ ಕನ್ನಡ. ನಮ್ಮ ಮನೆಗೆ ಬಂದು ಎರಡು ಗಂಟೆ ಕೂತಿದ್ದರೆ ಕಾಣುತ್ತಿದ್ದುದು ಬೇರೆ. ಹೆಂಡತಿಯೊಡನೆ ತುಳು, ಬಾಗಿಲಿಗೆ ಬಂದ ತರಕಾರಿಯವನೊಡನೆ ಹಿಂದಿ, ಪಕ್ಕದ ಮನೆಯ ಕಾಕುಗಳೊಡನೆ ಮರಾಠಿ, ಮೊಮ್ಮಗನೊಡನೆ ಇಂಗ್ಲಿಷು, ದೇವರ ಮುಂದೆ ಮತ್ತು ಲೆಕ್ಕ ಬರೆಯುವಾಗ ಕನ್ನಡ. ಯಾವ ಮಾತು ಎಲ್ಲಿ ನಿಂತು ಯಾವುದು ಎಲ್ಲಿ ಶುರುವಾಗುತ್ತದೆ ಎಂಬುದೇ ಸಂಶೋಧನೆಯ ವಸ್ತು. ಅದು ಉತ್ತರಗಳಲ್ಲಿ ಇರುವುದಿಲ್ಲ, ಉತ್ತರಗಳ ನಡುವಿನ ಅಡ್ಡಿಗಳಲ್ಲಿ ಇರುತ್ತದೆ. ಆನ್‌ಲೈನ್ ಸಂದರ್ಶನ ಆ ಅಡ್ಡಿಗಳನ್ನೆಲ್ಲ 'ಡಿಸ್ಟರ್ಬೆನ್ಸ್' ಎಂದು ಮ್ಯೂಟ್ ಮಾಡಿಸುತ್ತದೆ.

ಒಂದು ಉದಾಹರಣೆ ಹೇಳಿದರೆ ನಿಮಗೆ ನಗು ಬಂದೀತು. ಹಿರಿಯರೊಬ್ಬರು ಪರದೆಯ ಸಂದರ್ಶನದಲ್ಲಿ ತಮ್ಮ ಮೊದಲ ದಿನಗಳನ್ನು ನೆನೆಯುತ್ತ, "ಒಂದು ಖೋಲಿಯಲ್ಲಿ ಎಂಟು ಜನ ಸುಧಾರಿಸಿಕೊಳ್ಳುತ್ತಿದ್ದೆವು" ಎಂದಿದ್ದರು. ಖೋಲಿ ಎಂದರೆ ಮರಾಠಿಯಲ್ಲಿ ಕೋಣೆ. ಇಲ್ಲಿಯ ಕನ್ನಡಿಗರೆಲ್ಲರ ಬಾಯಲ್ಲಿರುವ ಮಾತು. ಪ್ರಬಂಧದಲ್ಲಿ ಅದು "ಒಂದು ಕೋಳಿಯಲ್ಲಿ ಎಂಟು ಜನ ಸುಧಾರಿಸಿಕೊಳ್ಳುತ್ತಿದ್ದೆವು" ಎಂದಾಗಿ, 'ಆಹಾರ ಪದ್ಧತಿ' ಎಂಬ ಉಪಶೀರ್ಷಿಕೆಯ ಕೆಳಗೆ ಸೇರಿತ್ತು. ಹಿರಿಯರು ಶುದ್ಧ ಸಸ್ಯಾಹಾರಿ! ಬರೆದವರ ಕಿವಿ ಕೆಟ್ಟಿತ್ತೆಂದಲ್ಲ. ಒಮ್ಮೆ ಆ ಕಿರಿದಾದ ಮೆಟ್ಟಿಲು ಹತ್ತಿ, ಆ ಹತ್ತಡಿ ಜಾಗದಲ್ಲಿ ಮಂಡಿ ಮಡಚಿ ಕೂತಿದ್ದರೆ ಈ ಪದ ಕಿವಿಗೆ ತಪ್ಪಾಗಿ ಬೀಳುತ್ತಲೇ ಇರಲಿಲ್ಲ.

ಎದುರಾಳಿಗಳ ವಾದವನ್ನೂ ಕೇಳೋಣ, ಏಕೆಂದರೆ ಅವರ ಹತ್ತಿರ ವಾದವಿದೆ. ಎರಡು ವಿಧಾನಗಳ ನಡುವೆ ದೊಡ್ಡ ವ್ಯತ್ಯಾಸವಿಲ್ಲ ಎಂದು ಹೊರದೇಶಗಳ ಅಧ್ಯಯನಗಳೇ ಹೇಳುತ್ತವೆ ಎನ್ನುತ್ತಾರೆ. ನಿಜ. 2004ರಲ್ಲಿ ಸ್ಟರ್ಜೆಸ್ ಮತ್ತು ಹ್ಯಾನ್ರಹನ್ ಎಂಬವರು ಅಮೆರಿಕದಲ್ಲಿ ಜೈಲಿಗೆ ಭೇಟಿ ಕೊಡುವವರು ಮತ್ತು ಜೈಲು ಸಿಬ್ಬಂದಿಯನ್ನು ಕೆಲವರನ್ನು ಎದುರು ಕೂತು, ಕೆಲವರನ್ನು ಫೋನಿನಲ್ಲಿ ಸಂದರ್ಶಿಸಿ ಹೋಲಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಆಸ್ಟ್ರೇಲಿಯದಲ್ಲಿ ಆರ್ಚಿಬಾಲ್ಡ್ ಮತ್ತು ಸಂಗಡಿಗರು ಜೂಮ್ ಮೂಲಕ ಸಂದರ್ಶನ ಕೊಟ್ಟ 16 ಜನ ನರ್ಸುಗಳನ್ನು ವಿಚಾರಿಸಿದಾಗ, ಸೇರಿಕೊಳ್ಳುವಾಗ ತಾಂತ್ರಿಕ ತೊಂದರೆ ಅನುಭವಿಸಿದವರೇ ಹೆಚ್ಚಾಗಿದ್ದರೂ, ಹೆಚ್ಚಿನವರು ಅದನ್ನೇ ಮೆಚ್ಚಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕ್ರೌವೆಲ್ ಮತ್ತು ಸಂಗಡಿಗರು ಕರುಳಿನ ಕಾಯಿಲೆಯವರಲ್ಲಿ ಹತ್ತು ಜನರನ್ನು ಎದುರಿನಲ್ಲಿ, ಹತ್ತು ಜನರನ್ನು ಸ್ಕೈಪ್‌ನಲ್ಲಿ ಮಾತಾಡಿಸಿದರು. ಎದುರು ಕೂತವರು ಸ್ವಲ್ಪ ಹೆಚ್ಚು ಹೇಳಿದರು, ಆದರೆ ಅಂತರ ಸಣ್ಣದು. ಈ ಅಧ್ಯಯನಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವು ಹೋಲಿಸಿದ್ದು ಸಿಕ್ಕವರನ್ನು ಸಿಕ್ಕವರ ಜೊತೆಗೆ. ಕರೆ ಎತ್ತಿದವರು, ಒಪ್ಪಿದವರು, ಕೂರಲು ಜಾಗವಿದ್ದವರು ಎರಡೂ ಕಡೆ ಇದ್ದಾರೆ. ಸಿಗದೇ ಹೋದವನು ಯಾವ ತಟ್ಟೆಯಲ್ಲೂ ಇಲ್ಲ. ತಕ್ಕಡಿ ಸಮವಾಗಿ ನಿಂತರೆ ಆಶ್ಚರ್ಯವೇನು? ಕೆಲಸದ ಮೇಲೆ ದಿನಾ ಕಂಪ್ಯೂಟರಿನ ಮುಂದೆ ಕೂರುವ ನರ್ಸಿನ ಅನುಭವವನ್ನು ತಂದು ನಾಕಾದ ಕೂಲಿಯ ತಲೆಗೆ ಕಟ್ಟುವುದು ಯಾವ ನ್ಯಾಯ?

ಹಾಗಂತ ಎದುರು ಕೂತ ಮಾತ್ರಕ್ಕೆ ಸತ್ಯ ಉದುರುತ್ತದೆ ಎಂಬ ಭ್ರಮೆಯೂ ನನಗಿಲ್ಲ. ಇದೇ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಘುರ್ಯೆಯವರ ಶಿಷ್ಯರಾಗಿ ಬೆಳೆದ ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ 'ರಾಂಪುರ' ಎಂದು ಅವರು ಹೆಸರಿಟ್ಟ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಇದ್ದದ್ದು ಪಟೇಲರಿಗೆ ಸೇರಿದ, ಎತ್ತುಗಳನ್ನು ಕಟ್ಟುವ ಮನೆಯಲ್ಲಿ. ಪಟೇಲರ ಅತಿಥಿಯಾದ್ದರಿಂದ ಹಳ್ಳಿಯನ್ನು ತಾನು ಹೆಚ್ಚಾಗಿ ಮೇಲ್ಜಾತಿಯವರ ಕಣ್ಣಿನಿಂದಲೇ ಕಂಡೆ ಎಂದು ಆಮೇಲೆ ಅವರೇ ಒಪ್ಪಿಕೊಂಡರು. ಮುಂಬಯಿಯಲ್ಲೂ ಅಷ್ಟೇ. ಸಂಶೋಧಕ ಬಂದು ಹೊಟೇಲಿನ ಮಾಲೀಕರ ಎದುರಿನ ಮೇಜಿನಲ್ಲೇ ಕೂತು ಸಪ್ಲಾಯರನ್ನು ಕರೆಸಿ ಮಾತಾಡಿಸಿದರೆ, ಆ ಮುಖಾಮುಖಿಗಿಂತ ರಾತ್ರಿ ಹನ್ನೆರಡಕ್ಕೆ ರೈಲ್ವೆ ಪ್ಲಾಟ್‌ಫಾರ್ಮಿನ ಬೆಂಚಿನಿಂದ ಬರುವ ಒಂದು ಫೋನ್ ಕರೆ ಸಾವಿರ ಪಾಲು ಲೇಸು. ಗಂಡನ ಮನೆಯವರ ಕಣ್ಣು ತಪ್ಪಿಸಿ ಮಾತಾಡಬೇಕಾದ ಹೆಣ್ಣುಮಗಳಿಗೆ, ಮನೆಗೆ ಹೊರಗಿನ ಗಂಡಸು ಬಂದು ಹೋದನೆಂಬ ಸುದ್ದಿಗೆ ಹೆದರುವವಳಿಗೆ, ಮಧ್ಯಾಹ್ನ ಒಬ್ಬಳೇ ಇರುವಾಗಿನ ಕರೆಯೇ ಸರಿ. ಮುಖ ತೋರಿಸಲು ನಾಚುವ ರೋಗ, ಸಾಲ, ಅವಮಾನಗಳ ಕಥೆಗಳಿಗೂ ಅಷ್ಟೇ, ಮುಖ ಕಾಣದಿರುವುದೇ ಅನುಕೂಲ. ಇದನ್ನೆಲ್ಲ ನಾನು ತುಂಬು ಮನಸ್ಸಿನಿಂದ ಒಪ್ಪುತ್ತೇನೆ.

ಆದರೆ ಗಮನಿಸಿ. ಆ ಹುಡುಗ ಪ್ಲಾಟ್‌ಫಾರ್ಮಿನಿಂದ ಫೋನ್ ಮಾಡಬೇಕಾದರೆ, ಆ ಹೆಣ್ಣುಮಗಳು ಮಧ್ಯಾಹ್ನದ ಕರೆ ಎತ್ತಬೇಕಾದರೆ, ಅದಕ್ಕೆ ಮೊದಲು ಒಂದು ಸಲವಾದರೂ ಸಂಶೋಧಕನ ಮುಖವನ್ನು ಅವರು ನೋಡಿರಬೇಕು. ನಂಬಿಕೆ ಎಂಬುದು ಲಿಂಕಿನಲ್ಲಿ ಬರುವುದಿಲ್ಲ. ಎದುರು ಹೋಗುವುದರ ಲಾಭ ಮುಖಕ್ಕೆ ಮುಖ ಕಾಣುವುದರಲ್ಲಿ ಅಷ್ಟಾಗಿ ಇಲ್ಲ. ಕಾಯುವುದರಲ್ಲಿದೆ, ತಿರುಗಿ ಹೋಗುವುದರಲ್ಲಿದೆ, ಅವರು ಹೇಳಿದ ಹೊತ್ತಿಗೆ ಅವರು ಹೇಳಿದ ಜಾಗಕ್ಕೆ ನಾವು ಹೋಗುವುದರಲ್ಲಿದೆ. ಜೂಮ್‌ನ ಉಚಿತ ಖಾತೆಯಲ್ಲಿ ನಲವತ್ತು ನಿಮಿಷಕ್ಕೆ ಮಾತು ತಾನೇ ನಿಲ್ಲುತ್ತದೆ. ನಮ್ಮ ಜನ ನಿಜ ಹೇಳಲು ಶುರುಮಾಡುವುದು ಎರಡನೇ ಚಹಾದ ಮೇಲೆ, ರೆಕಾರ್ಡರು ಆರಿಸಿ ಚಪ್ಪಲಿ ಮೆಟ್ಟುವಾಗ, "ಇನ್ನೊಂದು ಮಾತು..." ಎಂದು ಮೆಟ್ಟಿಲವರೆಗೆ ಬಂದಾಗ.

ಒಂದು ವಿಷಯವನ್ನೇ ತೆಗೆದುಕೊಳ್ಳಿ. 1974ರ ಭೂಸುಧಾರಣೆಯ ನಂತರ ಕರಾವಳಿಯಿಂದ ಮುಂಬಯಿಗೆ ಬಂದವರ ಕಥೆ. ಭೂಮಿ ಕಳೆದುಕೊಂಡ ಧಣಿಗಳ ಮನೆಯ ಹುಡುಗರೂ ಇಲ್ಲಿಗೆ ಬಂದರು, ಒಕ್ಕಲುಗಳ ಮನೆಯ ಹುಡುಗರೂ ಬಂದರು. ಕೆಲವು ಕಡೆ ಒಂದೇ ಹೊಟೇಲಿನಲ್ಲಿ ಒಟ್ಟಿಗೆ ಕಪ್ಪು ಬಸಿ ತೊಳೆದರು. ಊರಿನಲ್ಲಿ ಅಂಗಳಕ್ಕೆ ಮಾತ್ರ ಬರಬಹುದಾಗಿದ್ದವನು ಇಲ್ಲಿ ಪಕ್ಕದ ಚಾಪೆಯಲ್ಲಿ ಮಲಗಿದ. ಆ ಚಾಪೆಗಳ ನಡುವೆ ಏನು ಮಾತು ನಡೆಯಿತು? ಊರಿಗೆ ಹೋದಾಗ ಆ ಗೆಳೆತನ ಏನಾಯಿತು? ಹೊರನಾಡಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕಥೆ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ನಾನು ನೋಡಿದ ಯಾವ ಪ್ರಬಂಧದಲ್ಲೂ ಇದಿಲ್ಲ. ಏಕೆಂದರೆ ಜಾತಿ, ಭೂಮಿಯ ಮಾತನ್ನು ಅಪರಿಚಿತನ ಪರದೆಯ ಮುಂದೆ, ಮೇಲ್ಗಡೆ ಕೆಂಪು ಚುಕ್ಕೆ ಮಿನುಗುತ್ತಿರುವಾಗ, ಯಾರೂ ಆಡುವುದಿಲ್ಲ. ಆಡಬಲ್ಲವರಿಗೆ ಈಗ ಎಪ್ಪತ್ತು ಎಪ್ಪತ್ತೈದು ದಾಟಿದೆ. ವರ್ಷ ವರ್ಷ ಅವರ ಸಂಖ್ಯೆ ಕರಗುತ್ತಿದೆ. ನಾಳೆ ಯಾರಾದರೂ ಒಳ್ಳೆಯ ಸಂಶೋಧಕ ಬಂದರೂ ಕೇಳಲು ಜನ ಇರುವುದಿಲ್ಲ. ಆಗ ಉಳಿಯುವುದು ನಮ್ಮಂಥವರ "ಚೆನ್ನಾಗಿದೆ"ಗಳ ರಾಶಿ.

ಈ ಪದ್ಧತಿ ಬಂದದ್ದು ಹೇಗೆ ಎಂಬುದು ಎಲ್ಲರಿಗೂ ಗೊತ್ತು. 2020ರ ಮಾರ್ಚ್ 25ರಿಂದ ದೇಶ ಬೀಗ ಹಾಕಿಕೊಂಡಿತು. ರೈಲಿಲ್ಲ, ಬಸ್ಸಿಲ್ಲ, ಮನುಷ್ಯ ಮನುಷ್ಯನ ಹತ್ತಿರ ಹೋಗುವಂತಿಲ್ಲ. ಆಗ ಸಂಶೋಧಕರು ಫೋನು, ಪರದೆಗಳ ಮೊರೆ ಹೋದದ್ದು ಸರಿಯೇ, ಬೇರೆ ದಾರಿ ಇರಲಿಲ್ಲ. ಅದು ಆಪದ್ಧರ್ಮ. ಆಪತ್ತು ಕಳೆದ ಮೇಲೆ ರೈಲುಗಳೆಲ್ಲ ಮೊದಲಿನಂತೆ ಓಡತೊಡಗಿದವು. ಸಂಶೋಧಕರು ಮಾತ್ರ ಹತ್ತಲಿಲ್ಲ. ಆಪದ್ಧರ್ಮ ನಿತ್ಯಧರ್ಮವಾಯಿತು.

ಇದರಲ್ಲಿ ವಿದ್ಯಾರ್ಥಿಗಳನ್ನು ನಾನು ಬೈಯುವುದಿಲ್ಲ. ಎಷ್ಟೋ ಮಂದಿಗೆ ಶಿಷ್ಯವೇತನವೇ ಇಲ್ಲ, ಇದ್ದವರಿಗೆ ಕಾಲಕ್ಕೆ ಸರಿಯಾಗಿ ಬರುವುದಿಲ್ಲ. ಮುಂಬಯಿಗೆ ಬಂದರೆ ಉಳಿಯುವುದೆಲ್ಲಿ ಎಂಬ ಚಿಂತೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಇದು ಬಡತನ, ಇದನ್ನು ಅರ್ಥ ಮಾಡಿಕೊಳ್ಳಬಹುದು. ನನ್ನ ಸಿಟ್ಟು ಇರುವುದು ಬಡತನಕ್ಕೆ ಶಾಸ್ತ್ರದ ಶಾಲು ಹೊದಿಸುವ ಮಾರ್ಗದರ್ಶಕರ ಮೇಲೆ. ಪ್ರಬಂಧದ 'ಅಧ್ಯಯನ ವಿಧಾನ' ಎಂಬ ಅಧ್ಯಾಯದಲ್ಲಿ ಒಂದು ವಾಕ್ಯ ಇರುತ್ತದೆ, ಹೆಚ್ಚು ಕಡಿಮೆ ಎಲ್ಲದರಲ್ಲೂ: ಮಾಹಿತಿದಾರರ ಅನುಕೂಲಕ್ಕಾಗಿ ಆನ್‌ಲೈನ್ ಸಂದರ್ಶನ ವಿಧಾನವನ್ನು ಆರಿಸಿಕೊಳ್ಳಲಾಗಿದೆ, ಅಂತ. ಯಾವ ಮಾಹಿತಿದಾರ? ಯಾರ ಅನುಕೂಲ? ನನ್ನನ್ನು ಯಾರೂ ಒಮ್ಮೆಯೂ "ಎದುರು ಸಿಗಲೇ, ಪರದೆಯಲ್ಲಿ ಸಿಗಲೇ" ಎಂದು ಕೇಳಿಲ್ಲ. ಲಿಂಕ್ ಬಂದಿದೆ, ಅಷ್ಟೇ. "ಟಿಕೆಟ್ಟಿಗೆ ವಿಶ್ವವಿದ್ಯಾಲಯ ದುಡ್ಡು ಕೊಡಲಿಲ್ಲ, ಅದಕ್ಕೇ ಹೋಗಲಿಲ್ಲ" ಎಂದು ಬರೆಯಿರಿ, ನಾನು ಎದ್ದು ನಿಂತು ಗೌರವ ಕೊಡುತ್ತೇನೆ. ಅದು ಪ್ರಾಮಾಣಿಕ ವಾಕ್ಯ, ಓದುಗನಿಗೆ ಎಚ್ಚರಿಕೆ. ಜೇಬಿನ ನಿರ್ಧಾರವನ್ನು ವಿಧಾನದ ನಿರ್ಧಾರವೆಂದು ಬರೆದರೆ ಅದು ಸುಳ್ಳು.

ಮತ್ತೆ, ಆ ಟಿಕೆಟ್ಟಾದರೂ ಎಷ್ಟರದು? ಮಂಗಳೂರಿನಿಂದ ಮತ್ಸ್ಯಗಂಧ, ಬೆಂಗಳೂರಿನಿಂದ ಉದ್ಯಾನ ಎಕ್ಸ್‌ಪ್ರೆಸ್. ಎರಡರಲ್ಲೂ ಸ್ಲೀಪರ್ ದರ್ಜೆಗೆ ಸಾವಿರ ರೂಪಾಯಿಯ ಒಳಗೇ. ಒಂದು ವಿಚಾರ ಸಂಕಿರಣದಲ್ಲಿ ಅತಿಥಿಗಳಿಗೆ ಹೊದಿಸುವ ಶಾಲು, ಹಾರ, ಹಣ್ಣಿನ ಬುಟ್ಟಿಯ ದುಡ್ಡಿನಲ್ಲಿ ಮೂರು ಸಂಶೋಧಕರು ಮುಂಬಯಿಗೆ ಬಂದು ಹೋಗಬಹುದು.

ನಮ್ಮಲ್ಲಿ ಹಾಗೆ ಹೋಗಿ ಕೂತು ಕೇಳುವ ಪರಂಪರೆಯೇ ಇಲ್ಲವೇ? ಇದೆ, ಅದೂ ಎಂಥದ್ದು! ಬೆಳ್ತಂಗಡಿ ತಾಲ್ಲೂಕಿನ ಕೃಷಿಕ, ಹಾಡುಗಾರ ಗೋಪಾಲ ನಾಯ್ಕರ ಬಾಯಿಂದ ಸಿರಿ ಮಹಾಕಾವ್ಯವನ್ನು ದಾಖಲಿಸಲು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1990ರ ಡಿಸೆಂಬರಿನಲ್ಲಿ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೆ ದಿನಗಟ್ಟಲೆ ಕೂತರು. ಹದಿನೈದು ಸಾವಿರಕ್ಕೂ ಹೆಚ್ಚು ಸಾಲುಗಳ ಆ ಕಾವ್ಯ 1998ರಲ್ಲಿ ಪುಸ್ತಕವಾಗಿ ಬಂತು. ಅವರು ಕಾವ್ಯದ ಪಠ್ಯವನ್ನಷ್ಟೇ ಕೇಳಲಿಲ್ಲ. ಹಾಡುವವನ ಬದುಕು, ಗದ್ದೆ, ಜಾತ್ರೆ, ಅವನ ಸುತ್ತ ಕೂತವರು, ಎಲ್ಲವನ್ನೂ ನೋಡಿದರು. ಫಿನ್ಲೆಂಡಿನಿಂದ ಬೆಳ್ತಂಗಡಿಗೆ ಬರಲು ಆದ ಮನಸ್ಸು ಬೆಂಗಳೂರಿನಿಂದ ದಾದರಿಗೆ ಬರಲು ಯಾಕೆ ಆಗುವುದಿಲ್ಲ?

ಇನ್ನೊಂದು ಮಾತು ಶ್ರೀನಿವಾಸರದೇ. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಯಲ್ಲಿ ರಾಂಪುರದ ಟಿಪ್ಪಣಿಗಳನ್ನು ಆಧರಿಸಿ ಅವರು ಸಿದ್ಧಪಡಿಸಿಕೊಂಡಿದ್ದ ಬರವಣಿಗೆಯ ಮೂರೂ ಪ್ರತಿಗಳು ಸುಟ್ಟುಹೋದವು. ಅವರು ನೆನಪಿನಿಂದಲೇ ಬರೆದರು. 1976ರಲ್ಲಿ ಬಂದ ಆ 'ದಿ ರಿಮೆಂಬರ್ಡ್ ವಿಲೇಜ್' ಇವತ್ತಿಗೂ ಓದಿಸಿಕೊಳ್ಳುತ್ತದೆ. ಹಳ್ಳಿಯ ವಾಸನೆ, ಜಗಳ, ಧೂಳು ಮೈಗೆ ಹತ್ತಿಕೊಂಡಿದ್ದರಿಂದ ಅದು ಸಾಧ್ಯವಾಯಿತು. ಪರದೆಯಲ್ಲಿ ಮೂವತ್ತು ಜನರನ್ನು ಸಂದರ್ಶಿಸಿದ ಸಂಶೋಧಕನ ಫೈಲುಗಳು ನಾಳೆ ಅಳಿಸಿಹೋದವು ಅಂತಿಟ್ಟುಕೊಳ್ಳಿ. ಅವನ ಹತ್ತಿರ ಉಳಿಯುವುದೇನು? ಮೂವತ್ತು ಚೌಕಗಳು, ಚೌಕಗಳ ಹಿಂದೆ ಗೋಡೆ.

ಬೈದು ಸುಮ್ಮನಾಗುವುದು ಸುಲಭ, ಏನು ಮಾಡಬೇಕೆಂಬುದನ್ನೂ ಹೇಳುತ್ತೇನೆ. ಹೊರನಾಡಿನ ಮೇಲೆ ನಡೆಯುವ ಯಾವ ಗುಣಾತ್ಮಕ ಅಧ್ಯಯನದಲ್ಲೂ ಮೊದಲ ಭೇಟಿ ಎದುರಿನಲ್ಲೇ ಆಗಬೇಕು. ಎರಡನೆಯದು, ಮೂರನೆಯದು ಫೋನಿನಲ್ಲೋ ಪರದೆಯಲ್ಲೋ ಆಗಲಿ, ಯಾರ ತಕರಾರೂ ಇಲ್ಲ. ಆಗ ಪರದೆ ನಿಜಕ್ಕೂ ವರದಾನ, ಸಂಬಂಧ ಕಡಿಯದ ಹಾಗೆ ನೋಡಿಕೊಳ್ಳುತ್ತದೆ. ಯಾವುದು ಎಂಬ ಆಯ್ಕೆ ಮಾತಾಡುವವರದಾಗಿರಲಿ, ಕೇಳುವವರದಲ್ಲ. ಪ್ರತಿಯೊಂದು ಸಂದರ್ಶನದ ಕೆಳಗೂ ಅದು ಎಲ್ಲಿ ನಡೆಯಿತು, ಎಷ್ಟು ಹೊತ್ತು, ಹತ್ತಿರದಲ್ಲಿ ಯಾರಿದ್ದರು, ಯಾವ ಯಾವ ಭಾಷೆಯಲ್ಲಿ ಎಂದು ಬರೆಯಲಿ. ಯಾರನ್ನು ಹುಡುಕಿದೆವು, ಯಾರು ಸಿಗಲಿಲ್ಲ, ಯಾರು ಬೇಡವೆಂದರು ಎಂಬುದಕ್ಕೆ ಒಂದು ಪುಟ ಇರಲಿ. ಆ ಪುಟವಿಲ್ಲದ ಪ್ರಬಂಧವನ್ನು ಪರೀಕ್ಷಕರು ವಾಪಸು ಕಳಿಸಲಿ. ಅಕ್ಷರಕ್ಕಿಳಿಸಿದ ಮಾತನ್ನು ಆಡಿದವರಿಗೆ ಒಮ್ಮೆ ಓದಿ ಹೇಳಲಿ, ಕನಿಷ್ಠ ಖೋಲಿ ಕೋಳಿಯಾಗುವುದಾದರೂ ತಪ್ಪೀತು. ವಿಶ್ವವಿದ್ಯಾಲಯಗಳು ಕ್ಷೇತ್ರಕಾರ್ಯದ ರೈಲು ಖರ್ಚನ್ನು ನೋಂದಣಿಯ ದಿನವೇ ಮಂಜೂರು ಮಾಡಲಿ.

ಇಲ್ಲಿಯ ಸಂಘಗಳಿಗೂ ಒಂದು ಮಾತು, ಏಕೆಂದರೆ ನಾವೇನೂ ಹಾಲಿನಲ್ಲಿ ತೊಳೆದವರಲ್ಲ. ಸಂಶೋಧಕ ಬಂದ ಕೂಡಲೇ ಅಧ್ಯಕ್ಷರ ಹತ್ತಿರ, ಮಾಜಿ ಅಧ್ಯಕ್ಷರ ಹತ್ತಿರ ಕರೆದೊಯ್ಯುವ ಚಾಳಿ ನಮಗಿದೆ. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘದ ಕಾಲದಿಂದ ಈ ನಗರದಲ್ಲಿ ಕನ್ನಡದ ಮನೆಗಳಿವೆ. ಊರಿಂದ ಬಂದ ಹುಡುಗಿಗೆ ಹತ್ತು ದಿನ ತಂಗಲು ಸುರಕ್ಷಿತವಾದ ಒಂದು ಕೋಣೆ ಹೊಂದಿಸುವುದು ಮುಂಬಯಿಯ ಸಂಘಗಳೆಲ್ಲ ಸೇರಿದರೆ ಆಗದ ಕೆಲಸವಲ್ಲ. ಕೋಣೆ ಕೊಟ್ಟು, ಆಮೇಲೆ ಅವಳ ಹಿಂದೆ ಮುಂದೆ ಸುತ್ತದೆ ಸುಮ್ಮನಿರುವುದು ಅದಕ್ಕಿಂತ ದೊಡ್ಡ ಸೇವೆ. ಅವಳೇ ಲೋಕಲ್ ಹತ್ತಲಿ, ದಾರಿ ತಪ್ಪಲಿ, ನಾಕಾದಲ್ಲಿ ನಿಲ್ಲಲಿ.

ಕೊನೆಗೆ ಊರಿನ ಓದುಗರಾದ ನಿಮಗೆ ಒಂದು ಕೋರಿಕೆ. ಹೊರನಾಡ ಕನ್ನಡಿಗರ ಬಗ್ಗೆ ಬರುವ ಪುಸ್ತಕ ಕೈಗೆ ಬಂದರೆ ಮುನ್ನುಡಿ, ಬೆನ್ನುಡಿಗಳನ್ನು ದಾಟಿ ನೇರವಾಗಿ ವಿಧಾನದ ಪುಟಕ್ಕೆ ಹೋಗಿ. ಬರೆದವರು ಯಾರ ಮನೆಗೆ ಹೋಗಿದ್ದರು, ಎಷ್ಟು ಸಲ ಹೋಗಿದ್ದರು, ಯಾರ ಮನೆಗೆ ಹೋಗಲಾಗಲಿಲ್ಲ ಎಂದು ಅಲ್ಲಿ ಹುಡುಕಿ. ಸಿಗದಿದ್ದರೆ, ಆ ಪುಸ್ತಕ ನಮ್ಮ ಬಗ್ಗೆ ಅಲ್ಲ ಎಂದು ತಿಳಿಯಿರಿ. ಅದು ನಮ್ಮಲ್ಲಿ ಕೋಣೆ ಇರುವ ಕೆಲವರ ಬಗ್ಗೆ.